ಎದೆಯಿಂದ ಮೇಲೆ

ಶಿವರಾತ್ರಿಗೆ ಇನ್ನೂ ಹದಿನೈದು ದಿನ ಇತ್ತು. ಆ ಬೆಳಿಗ್ಗೆ ಉಚ್ಚಂಗಪ್ಪ ಕಣ್ಣು ಬಿಟ್ಟಾಗ ಅವನ ಹೆಂಡತಿಗೆ ಎದೆಯಿಂದ ಕೆಳಗೆ ಏನೂ ಇರಲಿಲ್ಲ.

ನಿರ್ಮಲಮ್ಮ ಒಲೆ ಮುಂದಿನಿಂದ ಎದ್ದು ಕಾಫಿ ಲೋಟ ಹಿಡಿದು ಬರುತ್ತಿದ್ದಳು. ಮುಖ ಇತ್ತು, ಹಣೆಯ ವಿಭೂತಿ ಇತ್ತು, ಕೊರಳಿನ ತಾಳಿ ಇತ್ತು. ಅದರ ಕೆಳಗೆ ಬೂದಿ ಬಣ್ಣದ ಮಬ್ಬು. ಸೀರೆ ಯಾವ ಬಣ್ಣದ್ದು ಎಂದು ಕೇಳಿದ್ದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ. ಹೆಜ್ಜೆ ಸಪ್ಪಳ ಕೇಳಿಸುತ್ತಿತ್ತು, ಆದರೆ ಹೆಜ್ಜೆ ಇಡುವ ಕಾಲೇ ಇರಲಿಲ್ಲ. ಅವಳು ಹತ್ತಿರ ಬಂದು ಹಿಡ್ಕೊಳ್ರಿ ಅಂದಳು. ಅವನು ಆ ಮಬ್ಬಿನೊಳಗೆ ಕೈ ಚಾಚಿದ. ಕೈ ಲೋಟಕ್ಕೆ ತಾಗಿ ಬಿಸಿ ಕಾಫಿ ತೊಡೆಯ ಮೇಲೆ ಚೆಲ್ಲಿತು. ಲೋಟ ಎಲ್ಲಿತ್ತು ಎನ್ನುವುದು ಅವನಿಗೆ ತಿಳಿದದ್ದು ಆಗಲೇ.

ಎಡಗಣ್ಣಿಗೆ ಕಳೆದ ದೀಪಾವಳಿಯಲ್ಲೇ ಹೀಗಾಗಿತ್ತು. ಅದೂ ಹೀಗೇ ಒಂದು ಬೆಳಿಗ್ಗೆ ಏಳುವಾಗ. ಪೊರೆ ಬಂದಿರಬೇಕು, ವಯಸ್ಸು ನಲವತ್ತೆಂಟಾಯಿತು, ಒಂದು ಕಣ್ಣು ಸಾಕು ಎಂದುಕೊಂಡು ಅವನು ಯಾರಿಗೂ ಹೇಳಿರಲಿಲ್ಲ. ಈಗ ಬಲಗಣ್ಣಿನಲ್ಲೂ ಅದೇ. ಈ ಸಲವೂ ಮೊದಲು ಅವನು ಯಾರಿಗೂ ಹೇಳಲಿಲ್ಲ. ಗೋಡೆ ಹಿಡಿದು ಬಚ್ಚಲಿಗೆ ಹೋಗಿ ಮುಖ ತೊಳೆದ. ಮೆಟ್ಟಿಲಿಳಿಯುವಾಗ ಒಂದು ಮೆಟ್ಟಿಲು ಸಿಗದೆ ಮುಗ್ಗರಿಸಿದ. ಹಾಗೇ ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹಿಂದಿದ್ದ ತನ್ನ ಸೈಕಲ್ ರಿಪೇರಿ ಅಂಗಡಿಗೆ ಹೋಗಿ ಬಾಗಿಲು ತೆಗೆದ.

ಕೆಲಸ ಮಾಡಲು ಆಗಲಿಲ್ಲ. ಕೈಯಲ್ಲಿದ್ದ ಟ್ಯೂಬೇ ಕಾಣುತ್ತಿರಲಿಲ್ಲ. ಕಾಣಬೇಕಾದರೆ ಕಾಳು ಹೆಕ್ಕುವ ಕೋಳಿಯ ಹಾಗೆ ತಲೆ ಪೂರ್ತಿ ಬಗ್ಗಿಸಬೇಕಾಗಿತ್ತು. ಹನ್ನೊಂದು ಗಂಟೆ ಹೊತ್ತಿಗೆ ಯಾರೋ ಸೈಕಲ್ ತಂದು ನಿಲ್ಲಿಸಿ, ಹಿಂದಿನ ಗಾಲಿ ನೋಡಪ್ಪ ಅಂದರು. ಉಚ್ಚಂಗಪ್ಪ ತಲೆ ಎತ್ತಿದ. ಬಿಸಿಲಿಗೆ ಬೆನ್ನು ಮಾಡಿ ನಿಂತ ಒಬ್ಬ ಮನುಷ್ಯ, ಎದೆಯಿಂದ ಮೇಲೆ ಮಾತ್ರ, ಖಾಕಿ ಅಂಗಿ.

ಅವನು ಪಂಪನ್ನು ಅಲ್ಲೇ ಬಿಟ್ಟು, ಅಂಗಡಿಗೆ ಬೀಗವನ್ನೂ ಹಾಕದೆ ಮನೆಗೆ ಬಂದ. ನಿರ್ಮಲಮ್ಮನನ್ನು ಕರೆದು ಗೋಡೆಗೆ ಒರಗಿ ಕೂತು ಹೇಳಿದ: "ಜಯಪ್ಪ ಬಂದಾನ. ನನ್ನ ಕಣ್ಣಾಗೇ ಕುಂತಾನ."

ಜಯಪ್ಪ ಯಾರೆಂದು ನಿರ್ಮಲಮ್ಮನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಏಳು ವರ್ಷದ ಹಿಂದೆ, ತೊಂಬತ್ತರ ಮೇ ತಿಂಗಳಲ್ಲಿ, ಉಚ್ಚಂಗಪ್ಪ ಖಾಸಗಿ ಬಸ್ಸಿನ ಡ್ರೈವರಾಗಿದ್ದ. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ದಿನಕ್ಕೆ ಮೂರು ಸಲ ಹೋಗಿಬರುವ ಬಸ್ಸು. ಹನ್ನೊಂದು ವರ್ಷ ಅದೇ ದಾರಿಯಲ್ಲಿ ಓಡಿಸಿದ್ದ. ದಪ್ಪ ಆಳು, ಕೊರಳು ಎನ್ನುವುದೇ ಇಲ್ಲ ಎನ್ನುವಷ್ಟು ತೋರ ಕುತ್ತಿಗೆ. ಕುಡಿತ ಇರಲಿಲ್ಲ, ಬೀಡಿ ಇರಲಿಲ್ಲ. ಇದ್ದದ್ದು ನಿದ್ದೆ ಒಂದೇ. ಬಸ್ಸು ನಿಲ್ಲಿಸಿ ಕಂಡಕ್ಟರ್ ಟಿಕೆಟ್ ಹರಿಯುವಷ್ಟರಲ್ಲಿ ಸ್ಟೇರಿಂಗಿನ ಮೇಲೆ ತಲೆ ಇಟ್ಟು ಗೊರಕೆ ಹೊಡೆಯುತ್ತಿದ್ದ. ಊಟಕ್ಕೆ ಕೂತರೆ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಜನ ನಗುತ್ತಿದ್ದರು. ರಾತ್ರಿ ಒಂಬತ್ತಕ್ಕೆ ಮಲಗಿ ಬೆಳಿಗ್ಗೆ ಆರಕ್ಕೆ ಎದ್ದರೂ ತನಗೆ ಯಾಕೆ ಹೀಗೆ ಎಂದು ಅವನಿಗೂ ಅರ್ಥವಾಗುತ್ತಿರಲಿಲ್ಲ. ಸೋಮಾರಿ ಮೈ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದ. ಎದ್ದಾಗ ಕಣ್ಣು ಯಾವಾಗಲೂ ಕೆಂಪಗೆ, ಪಿಸುರು ಕಟ್ಟಿ, ಉರಿಯುತ್ತಿರುತ್ತಿತ್ತು.

ಆ ದಿನ ಮಧ್ಯಾಹ್ನ ಎರಡು ಗಂಟೆ. ಉಡುತಡಿ ಕ್ರಾಸಿಗೆ ಮುಂಚೆ ರಸ್ತೆ ನೆಟ್ಟಗೆ ಹೋಗುತ್ತದೆ. ಅವನು ಎಷ್ಟು ಹೊತ್ತು ಕಣ್ಣು ಮುಚ್ಚಿದ್ದನೋ ಅವನಿಗೇ ಗೊತ್ತಿಲ್ಲ. ಉಸಿರು ಸಿಕ್ಕಿಕೊಂಡಂತಾಗಿ ಗಕ್ಕನೆ ಎಚ್ಚರವಾಯಿತು. ಎಚ್ಚರವಾದಾಗ ಬಸ್ಸಿನ ಮುಂಗಾಜಿನಲ್ಲಿ ಒಬ್ಬ ಮನುಷ್ಯ ಇದ್ದ. ಎದೆಯಿಂದ ಕೆಳಗೆ ಬಸ್ಸಿನ ಮೂತಿಯ ಮರೆಗೆ ಹೋಗಿತ್ತು, ಮೇಲಿನದು ಮಾತ್ರ ಕಾಣುತ್ತಿತ್ತು. ಖಾಕಿ ಅಂಗಿ, ಹೆಗಲಿಗೆ ಚೀಲ, ಹಿಂದಕ್ಕೆ ತಿರುಗಿದ ಮುಖ. ಅಷ್ಟೇ. ಆಮೇಲೆ ಅವನೂ ಇಲ್ಲ.

ಸತ್ತವನು ಜಯಪ್ಪ, ಉಡುತಡಿ ಕಡೆಯ ಅಂಚೆಯವನು, ಕಾಗದ ಹಂಚಿ ಸೈಕಲ್ಲಿನಲ್ಲಿ ವಾಪಸು ಬರುತ್ತಿದ್ದ. ಜನ ಸೇರಿದರು. ಉಚ್ಚಂಗಪ್ಪನನ್ನು ಇಳಿಸಿ ಅವನ ಕಣ್ಣು ನೋಡಿದರು. ಕಣ್ಣು ಕೆಂಡದ ಹಾಗಿದೆ, ಕುಡಿದಿದ್ದಾನೆ ಎಂದು ಯಾರೋ ಅಂದರು. ಆ ಮಾತು ಅವನಿಗಿಂತ ಮೊದಲೇ ಶಿಕಾರಿಪುರ ಮುಟ್ಟಿತು. ರಕ್ತ ಪರೀಕ್ಷೆಯಲ್ಲಿ ಹೆಂಡದ ಸುಳಿವೂ ಸಿಗಲಿಲ್ಲ. ಆದರೆ ಪರೀಕ್ಷೆಯ ಕಾಗದವನ್ನು ಊರಿನವರು ಯಾರು ಓದುತ್ತಾರೆ? ಕೋರ್ಟಿನಲ್ಲಿ ಅವನು ಒಂದೇ ಮಾತು ಹೇಳಿದ, ನಿದ್ದೆ ಬಂತು ಸ್ವಾಮಿ ಎಂದು. ಆರು ತಿಂಗಳು ಶಿಕ್ಷೆಯಾಯಿತು. ಲೈಸೆನ್ಸು ಹೋಯಿತು.

ಜೈಲಿನಲ್ಲಿ ಅವನ ಕೋಣೆಯಲ್ಲಿ ಮಲಗಲು ಯಾರೂ ಒಪ್ಪಲಿಲ್ಲ. ಗೊರಕೆಗಲ್ಲ. ಗೊರಕೆ ನಿಂತುಹೋಗುತ್ತದೆ, ಎದೆ ಮಾತ್ರ ಒಳಗೊಳಗೇ ಒದ್ದಾಡುತ್ತದೆ, ಯಾರೋ ಕತ್ತು ಒತ್ತಿದ ಹಾಗೆ, ಎಂದು ಅವರು ವಾರ್ಡನಿಗೆ ಹೇಳಿದರಂತೆ. ಒಬ್ಬ ಮುದುಕ ಉಚ್ಚಂಗಪ್ಪನನ್ನೇ ಕೇಳಿದ್ದ, ನೀನು ಕೊಂದವನು ದಿನಾ ರಾತ್ರಿ ಬಂದು ನಿನ್ನ ಎದೆ ಮೇಲೆ ಕೂರುತ್ತಾನೆ, ನಿನಗೆ ಗೊತ್ತಾಗುವುದಿಲ್ಲವಾ ಎಂದು. ಉಚ್ಚಂಗಪ್ಪನಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಆ ಮಾತನ್ನು ಅವನು ಹಾಗೇ ನಂಬಿದ. ಶಿಕ್ಷೆ ಮುಗಿಸಿ ಬಂದಮೇಲೆ ಹೆಂಡತಿಗೆ ಹೇಳಿದ ಮೊದಲ ಸುದ್ದಿಯೇ ಅದು.

ನಿರ್ಮಲಮ್ಮ ಆಗ ಬಾಯಿ ತೆರೆಯಲಿಲ್ಲ. ಎದೆ ಮೇಲೆ ಯಾರೋ ಕೂತಂತಾಗುವುದು ಜಯಪ್ಪ ಸಾಯುವುದಕ್ಕೂ ಹದಿನಾಲ್ಕು ವರ್ಷ ಮುಂಚಿನಿಂದ ಇತ್ತು ಎನ್ನುವುದು ಅವಳಿಗೆ ಗೊತ್ತಿತ್ತು. ಉಳವಿಯ ಹುಡುಗಿ ಅವಳು. ಮದುವೆಯಾಗಿ ಬಂದ ವಾರದಲ್ಲೇ ಮೊದಲ ಸಲ ಕೇಳಿಸಿಕೊಂಡಿದ್ದಳು. ಗೊರಕೆ ಏರುತ್ತಾ ಏರುತ್ತಾ ಹೋಗಿ ಒಮ್ಮೆಲೇ ನಿಲ್ಲುತ್ತಿತ್ತು. ಅವಳು ಕತ್ತಲಲ್ಲಿ ಕೂತು ಎಣಿಸುತ್ತಿದ್ದಳು. ಹತ್ತು, ಇಪ್ಪತ್ತು, ಮೂವತ್ತು. ನಲವತ್ತರ ಹೊತ್ತಿಗೆ ಅವನ ಮೈ ಒಮ್ಮೆ ಅದುರಿ ನೀರಿನಿಂದ ಎದ್ದವನ ಹಾಗೆ ಉಸಿರು ಎಳೆದುಕೊಳ್ಳುತ್ತಿದ್ದ. ಮತ್ತೆ ಗೊರಕೆ. ತವರಿಗೆ ಹೋದಾಗ ತಾಯಿಗೆ ಹೇಳಿದಳು. ಗಂಡನ ಉಸಿರಿನ ಸುದ್ದಿ ಬಾಯಲ್ಲಿ ಆಡಬಾರದು, ಆಡಿದರೆ ನಿಜವಾಗುತ್ತದೆ ಎಂದು ತಾಯಿ ಅವಳ ಬಾಯಿ ಮುಚ್ಚಿದಳು. ಅವಳು ಆಡಲಿಲ್ಲ. ಮಕ್ಕಳಾಗಲಿಲ್ಲ, ಮನೆಯಲ್ಲಿ ಇಬ್ಬರೇ. ಇಪ್ಪತ್ತೊಂದು ವರ್ಷ ಅವಳು ಎಣಿಸುತ್ತಲೇ ಇದ್ದಳು. ಜೈಲಿನ ಆರು ತಿಂಗಳು ಅವನು ಅವಳ ಎಣಿಕೆಯಿಲ್ಲದೆಯೇ ಬದುಕಿ ಬಂದಿದ್ದರೂ, ತಾನು ಎಣಿಸುವುದು ಬಿಟ್ಟ ದಿನ ಅವನು ಏಳುವುದಿಲ್ಲ ಎಂದು ಅವಳಿಗೆ ಹೇಗೋ ಖಾತ್ರಿಯಾಗಿತ್ತು.

ಕಣ್ಣಿನ ಸುದ್ದಿ ಕೇಳಿ ಅಕ್ಕಪಕ್ಕದವರು ತಲೆಗೊಂದು ಮಾತು ಹೇಳಿದರು. ತಾಯಿತ ಕಟ್ಟಿಸಿದರು, ಮಠಕ್ಕೆ ಹೋಗಿ ಪಾದೋದಕ ತಂದು ಕಣ್ಣಿಗೆ ಹಚ್ಚಿದರು. ಮಬ್ಬು ಸರಿಯಲಿಲ್ಲ. ಶಿಕಾರಿಪುರದಲ್ಲಿ ಬಿ.ಪಿ. ನೋಡಿದ ವೈದ್ಯರು, ಇದು ಪೊರೆಯಲ್ಲ, ಕಣ್ಣಿನ ಹಿಂದಿನ ನರದ್ದು, ಸೊರಬದಲ್ಲಿ ಪ್ರತಿ ತಿಂಗಳ ಎರಡನೇ ಭಾನುವಾರ ಡಾಕ್ಟರ್ ನರ್ಮದಾ ಅಂತ ಬರುತ್ತಾರೆ, ಅವರಿಗೆ ತೋರಿಸಿ ಎಂದು ಚೀಟಿ ಬರೆದುಕೊಟ್ಟರು. ನರ್ಮದಾ ಸೊರಬದವರೇ. ಮಂಗಳೂರಿನಲ್ಲಿ ಕೆಲಸ, ತಿಂಗಳಿಗೊಮ್ಮೆ ಊರಿಗೆ ಬಂದು ತಂದೆಯ ಮನೆಯ ಮುಂಗೋಣೆಯಲ್ಲಿ ಕಣ್ಣು ನೋಡುತ್ತಿದ್ದರು.

ಸೊರಬಕ್ಕೆ ಹೋಗಬೇಕಾದರೆ ಆ ರಸ್ತೆಯಲ್ಲೇ ಹೋಗಬೇಕು. ಏಳು ವರ್ಷದಲ್ಲಿ ಉಚ್ಚಂಗಪ್ಪ ಅತ್ತ ಕಾಲಿಟ್ಟಿರಲಿಲ್ಲ. ಉಳವಿಗೆ ಹೋಗಬೇಕಾದರೂ ಅಂಬ್ಲಿಗೊಳದ ಕಡೆಯಿಂದ ಆನಂದಪುರ, ಸಾಗರ ಸುತ್ತಿ ಹೋಗುತ್ತಿದ್ದ. ಈ ಸಲವೂ ಹಾಗೇ ಹೋಗೋಣ ಅಂದ. ನಿರ್ಮಲಮ್ಮ ಒಪ್ಪಲಿಲ್ಲ. ಕಣ್ಣು ಹೋಗ್ತಿರೋವಾಗ ಊರು ಸುತ್ತೋದು ಬೇಡ ಎಂದು ಅವನ ಕೈ ಹಿಡಿದು ಬಸ್ಸು ಹತ್ತಿಸಿದಳು.

ಡ್ರೈವರನ ಹಿಂದಿನ ಎರಡನೇ ಸೀಟು ಸಿಕ್ಕಿತು. ಮುಂಗಾಜಿನಲ್ಲಿ ಅವನಿಗೆ ರಸ್ತೆ ಕಾಣುತ್ತಿರಲಿಲ್ಲ, ರಸ್ತೆಯ ಮೇಲಿನದು ಮಾತ್ರ ಕಾಣುತ್ತಿತ್ತು. ಮರದ ನೆತ್ತಿ, ಎದುರು ಬರುವ ಲಾರಿಯ ತಲೆ, ಬದಿಯಲ್ಲಿ ನಡೆಯುವವರ ಹೆಗಲು. ಒಬ್ಬೊಬ್ಬರೂ ಎದೆಯಿಂದ ಮೇಲೆ ಎದ್ದುಬಂದು ಬಸ್ಸಿನ ಬದಿಗೆ ಕರಗುತ್ತಿದ್ದರು. ಶಿರಾಳಕೊಪ್ಪಕ್ಕೆ ಹೋಗುವ ಆ ದಾರಿಯಲ್ಲಿ ಎಷ್ಟು ಜನ ನಡೆಯುತ್ತಾರೆ ಎಂದು ಹನ್ನೊಂದು ವರ್ಷ ಬಸ್ಸು ಓಡಿಸಿದಾಗ ಅವನು ಗಮನಿಸಿರಲಿಲ್ಲ. ಅವನು ಕಣ್ಣು ಮುಚ್ಚಿದ. ಮುಚ್ಚಿದ್ದೇ ತಡ ನಿದ್ದೆ ಹಿಡಿಯಿತು.

ಉಡುತಡಿ ಕ್ರಾಸು ಇನ್ನೂ ಬಂದಿರಲಿಲ್ಲ. ಅವನ ಗೊರಕೆ ನಿಂತಿತು. ನಿರ್ಮಲಮ್ಮ ಎಣಿಸುತ್ತಿದ್ದಳು. ಇಪ್ಪತ್ತೆಂಟಕ್ಕೆ ಅವನು ಗಂಟಲು ಕಿತ್ತುಹೋಗುವ ಹಾಗೆ ಸದ್ದು ಮಾಡಿ ಮೇಲೆದ್ದ. ಇಡೀ ಬಸ್ಸು ತಿರುಗಿ ನೋಡಿತು. ಹಿಂದಿನ ಸೀಟಿನ ಒಬ್ಬ ಹಿರಿಯರು ಅವನ ಮುಖವನ್ನೇ ನೋಡಿ ಪಕ್ಕದವರಿಗೆ ಮೆಲ್ಲಗೆ ಹೇಳಿದರು, ಇವನೇ ಅಲ್ವಾ, ಇದೇ ಜಾಗದಲ್ಲಿ ಪೋಸ್ಟ್ ಜಯಪ್ಪನ್ನ ತೆಗೆದವನು, ಇನ್ನೂ ಕುಡಿಯೋದು ಬಿಟ್ಟಿಲ್ಲ ನೋಡು ಎಂದು. ಮೆಲ್ಲಗೆ ಹೇಳಿದರೂ ಕೇಳಿಸಿತು. ಉಚ್ಚಂಗಪ್ಪ ಟವೆಲು ಮುಖಕ್ಕೆ ಹಾಕಿಕೊಂಡ. ಸೊರಬ ಬರುವವರೆಗೂ ತೆಗೆಯಲಿಲ್ಲ.

ನರ್ಮದಾ ಅವರ ಮನೆಯ ಜಗುಲಿಯಲ್ಲಿ ಹತ್ತು ಹನ್ನೆರಡು ಜನ ಕಾಯುತ್ತಿದ್ದರು. ಕಣ್ಣಿಗೆ ಔಷಧಿ ಬಿಟ್ಟು ಕೂರಿಸಿದರು. ಕೂತಲ್ಲೇ ಅವನು ಗೋಡೆಗೆ ಒರಗಿ ಮತ್ತೆ ನಿದ್ದೆ ಹೋದ. ಗದ್ದ ಎದೆಗೆ ಬಿತ್ತು. ಗೊರಕೆ ಎದ್ದಿತು, ನಿಂತಿತು, ಎದ್ದಿತು. ಕಾಯುತ್ತಿದ್ದವರು ನಗು ತಡೆದುಕೊಂಡರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಡಾಕ್ಟರೇ ಹೊರಗೆ ಬಂದರು. ಯಾರನ್ನೂ ಕರೆಯಲಿಲ್ಲ. ಉಚ್ಚಂಗಪ್ಪನ ಎದುರು ನಿಂತು ಅವನ ಎದೆಯನ್ನೂ ತಮ್ಮ ಕೈಗಡಿಯಾರವನ್ನೂ ನೋಡುತ್ತಾ ಎರಡು ಮೂರು ನಿಮಿಷ ಹಾಗೇ ನಿಂತರು. ತಾನು ಕತ್ತಲಲ್ಲಿ ಒಬ್ಬಳೇ ಮಾಡುತ್ತಿದ್ದುದನ್ನು ಮತ್ತೊಬ್ಬರು ಹಾಡುಹಗಲಲ್ಲಿ ಮಾಡುವುದನ್ನು ನಿರ್ಮಲಮ್ಮ ಮೊದಲ ಸಲ ನೋಡುತ್ತಿದ್ದಳು.

ಒಳಗೆ ಕರೆದು ದೀಪ ಬಿಟ್ಟು ನೋಡಿದರು. ಬಲಗಣ್ಣಿನ ನರದ ಬುಡ ಊದಿದೆ, ಎಡಗಣ್ಣಿನದು ಆಗಲೇ ಬಿಳಚಿಕೊಂಡಿದೆ ಅಂದರು. ಆಮೇಲೆ ಬೆರಳಿನಿಂದ ಅವನ ಮೇಲಿನ ರೆಪ್ಪೆಯನ್ನು ಸ್ವಲ್ಪ ಮೇಲಕ್ಕೆ ಎಳೆದರು. ರೆಪ್ಪೆ ಒದ್ದೆ ಬಟ್ಟೆಯ ಹಾಗೆ ಪೂರ್ತಿ ಮಗುಚಿಕೊಂಡಿತು, ಒಳಗಿನ ಕೆಂಪು ಹೊರಗೆ ಬಂತು. ನಿದ್ದೆಯಲ್ಲಿ ದಿಂಬಿಗೆ ಉಜ್ಜಿ ಹೀಗೇ ಮಗುಚುತ್ತದೆ, ಅದಕ್ಕೇ ಬೆಳಿಗ್ಗೆ ಕಣ್ಣು ಕೆಂಪಾಗುವುದು, ಪಿಸುರು ಬರುವುದು ಅಂದರು. ರೆಪ್ಪೆ ಹೀಗೆ ಸಡಿಲ ಆದವರಲ್ಲಿ ತಾವು ಕಣ್ಣಿಗಿಂತ ಮೊದಲು ಕೇಳುವುದು ನಿದ್ದೆಯ ವಿಷಯ ಎಂದು ಹೇಳಿ ನಿರ್ಮಲಮ್ಮನ ಕಡೆ ತಿರುಗಿದರು.

"ರಾತ್ರಿ ಇವರ ಉಸಿರು ನಿಲ್ಲುತ್ತಾ?"

ನಿರ್ಮಲಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

"ಹೇಳಿ ಅಮ್ಮ. ಹೇಳಿದ್ರೆ ಏನೂ ಆಗಲ್ಲ."

"ಅರವತ್ತರ ತನಕ ಎಣಿಸೀನಿ," ಅಂದಳು ಅವಳು.

ಉಚ್ಚಂಗಪ್ಪ ಹೆಂಡತಿಯ ದನಿ ಬಂದ ಕಡೆ ತಲೆ ತಿರುಗಿಸಿದ. ಔಷಧಿ ಬಿಟ್ಟ ಕಣ್ಣಿಗೆ ಅವಳ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ.

ಡಾಕ್ಟರು ನಿಧಾನವಾಗಿ ತಿಳಿಸಿ ಹೇಳಿದರು. ಮಲಗಿದಾಗ ಇವರ ಗಂಟಲಿನ ಮಾಂಸ ಕುಸಿದು ಗಾಳಿಯ ದಾರಿ ಮುಚ್ಚಿಹೋಗುತ್ತದೆ. ಮಿದುಳು ಹೆದರಿ ಎಬ್ಬಿಸುತ್ತದೆ, ಮತ್ತೆ ಮುಚ್ಚುತ್ತದೆ. ರಾತ್ರಿಯಲ್ಲಿ ನೂರಾರು ಸಲ. ಆದ್ದರಿಂದ ಇವರು ಮಲಗುತ್ತಾರೆಯೇ ಹೊರತು ನಿದ್ದೆ ಮಾಡುವುದಿಲ್ಲ. ಪ್ರತಿ ಸಲವೂ ರಕ್ತದಲ್ಲಿ ಗಾಳಿ ಇಳಿಯುತ್ತದೆ. ಕಣ್ಣಿನ ನರಕ್ಕೆ ಹೋಗುವ ರಕ್ತನಾಳ ಕೂದಲಿನಷ್ಟು ಸಣ್ಣದು, ಅದು ತಡೆದುಕೊಳ್ಳುವುದಿಲ್ಲ. ಇವರ ಕಣ್ಣು ಅದರಿಂದಲೇ ಹೋಯಿತು ಎಂದು ಆಣೆ ಮಾಡಿ ಹೇಳುವಷ್ಟು ತಮಗೆ ಗೊತ್ತಿಲ್ಲ, ಬಿ.ಪಿ.ಯೂ ಸೇರಿರಬಹುದು, ಇದನ್ನೆಲ್ಲ ಈಗೀಗ ಜನ ನೋಡುತ್ತಿದ್ದಾರೆ. ಆದರೆ ಎರಡೂ ಕಣ್ಣು ನಿದ್ದೆಯಿಂದ ಏಳುವ ಹೊತ್ತಿಗೇ ಹೋಗಿವೆ. ಹೋದದ್ದು ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬೇಕು.

ಆಮೇಲೆ ಚೀಟಿ ಬರೆಯುತ್ತಾ, ಬೆಂಗಳೂರಿನಲ್ಲಿ ನಿದ್ದೆ ಪರೀಕ್ಷೆ ಮಾಡುವ ಒಬ್ಬರಿದ್ದಾರೆ ಎಂದು ಹೇಳುತ್ತಾ, ಎಲ್ಲ ರೋಗಿಗಳನ್ನೂ ಕೇಳುವ ಹಾಗೆ ಕೇಳಿದರು, ಹಗಲು ಕೂತಲ್ಲೇ ನಿದ್ದೆ ಬರುವವರು ಗಾಡಿ ಓಡಿಸಬಾರದು, ನೀವೇನಾದರೂ ಓಡಿಸುತ್ತೀರಾ ಎಂದು.

"ಓಡಿಸ್ತಿದ್ದೆ," ಅಂದ ಉಚ್ಚಂಗಪ್ಪ.

ಪೆನ್ನು ನಿಂತಿತು. ಉಳಿದದ್ದನ್ನು ನಿರ್ಮಲಮ್ಮ ಹೇಳಿದಳು, ಚಿಕ್ಕದಾಗಿ, ನೆಲ ನೋಡುತ್ತಾ. ನರ್ಮದಾ ಕೇಳಿಸಿಕೊಂಡು, ಅದೂ ಈ ಕಾಯಿಲೆಯದ್ದೇ ಇರಬಹುದು ಎಂದಷ್ಟೇ ಅಂದರು. ಒಂದು ಲೋಟ ನೀರು ತರಿಸಿಕೊಟ್ಟರು.

ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಬೆಳಕು ಅವನ ಕಣ್ಣಿಗೆ ಸೂಜಿಯ ಹಾಗೆ ಚುಚ್ಚುತ್ತಿತ್ತು. ಟವೆಲು ಹೊದ್ದು ಕಲ್ಲಿನ ಬೆಂಚಿನ ಮೇಲೆ ಕೂತ. ತನಗೆ ಹಗುರಾಗಬೇಕಿತ್ತು ಎಂದು ಅವನಿಗೆ ಅನಿಸಿತು, ಆಗಲಿಲ್ಲ. ಏಳು ವರ್ಷ ಅವನು ದಿನಾ ರಾತ್ರಿ ಜಯಪ್ಪನಿಗೆ ಎದೆ ಒಡ್ಡಿ ಮಲಗಿದ್ದ. ಕೂರಲಿ, ಒತ್ತಲಿ, ಅವನ ಲೆಕ್ಕ ತೀರಲಿ ಎಂದು. ಈಗ ನೋಡಿದರೆ ಅಲ್ಲಿ ಯಾರೂ ಇರಲಿಲ್ಲ. ಬರೀ ತನ್ನದೇ ಗಂಟಲು. ಜಯಪ್ಪ ಯಾವತ್ತೂ ಬಂದೇ ಇರಲಿಲ್ಲ. ಹೋದವನು ಹೋಗಿಯೇಬಿಟ್ಟಿದ್ದ. ಅದನ್ನು ಯೋಚಿಸಿದಾಗ ಅವನಿಗೆ ಹಿಂದೆಂದಿಗಿಂತ ಹೆಚ್ಚು ಭಯವಾಯಿತು.

ಬಸ್ಸು ಬಂದು ಜನ ಹತ್ತಲು ಶುರು ಮಾಡಿದಾಗ ಪಕ್ಕದಲ್ಲಿ ಕೂತಿದ್ದ ನಿರ್ಮಲಮ್ಮ ಹೇಳಿದಳು.

"ಮದುವೆಯಾದ ವಾರದಿಂದ ಕೇಳ್ತಿದ್ದೆ. ಅವತ್ತೇ ಹೇಳಿದ್ದಿದ್ರೆ ನೀವು ಡಾಕ್ಟರ ಹತ್ರ ಹೋಗ್ತಿದ್ರಿ. ಬಸ್ಸು ಬಿಡ್ತಿದ್ರಿ. ಆ ಮನುಷ್ಯ ಇರ್ತಿದ್ದ."

ಆಗ ಯಾವ ಡಾಕ್ಟರಿಗೆ ಗೊತ್ತಿತ್ತು, ನಗುತ್ತಿದ್ದರು ಅಷ್ಟೇ ಎಂದು ಅವನು ಹೇಳಿದ. ಅವಳು ಕೇಳಿಸಿಕೊಳ್ಳಲಿಲ್ಲ. ಬಸ್ಸು ಹತ್ತಿದಮೇಲೆ ಕಂಡಕ್ಟರನಿಗೆ ಶಿಕಾರಿಪುರ ಅನ್ನಲಿಲ್ಲ. ಉಡುತಡಿ ಕ್ರಾಸಿಗೆ ಎರಡು ಟಿಕೆಟ್ ಕೇಳಿದಳು. ಉಚ್ಚಂಗಪ್ಪ ಬೇಡ ಎಂದು ಅವಳ ಕೈ ಒತ್ತಿದ. ಅವಳು ಕೈ ಬಿಡಿಸಿಕೊಂಡಳು.

ಜಯಪ್ಪನ ಹೆಂಡತಿ ಲೋಕಮ್ಮ ಮನೆಯ ಮುಂದೆ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ಗಂಡ ಹೋದಮೇಲೆ ಅಂಚೆ ಹಂಚುವ ಕೆಲಸ ಅವಳಿಗೇ ಸಿಕ್ಕಿತ್ತು. ದಿನಾ ಎಂಟು ಮೈಲಿ ನಡೆದು ಹಂಚುತ್ತಿದ್ದಳು, ಸೈಕಲ್ ಕಲಿಯಲಿಲ್ಲ. ಭಾನುವಾರವಾದ್ದರಿಂದ ಮನೆಯಲ್ಲಿದ್ದಳು. ಬಂದವರು ಯಾರೆಂದು ಅವಳಿಗೆ ಕೂಡಲೇ ಗೊತ್ತಾಯಿತು, ಕೋರ್ಟಿನಲ್ಲಿ ನೋಡಿದ್ದಳಲ್ಲ. ಬನ್ನಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಕಲ್ಲು ಕೆಳಗಿಟ್ಟಳು.

ನಿರ್ಮಲಮ್ಮ ನಿಂತೇ ಎಲ್ಲವನ್ನೂ ಹೇಳಿದಳು. ಉಸಿರಿನದು, ಎಣಿಸಿದ್ದು, ತಾಯಿಯ ಮಾತು, ಡಾಕ್ಟರು ಹೇಳಿದ್ದು. ಅವರು ಕುಡಿದಿರಲಿಲ್ಲ, ನಾನು ಗೊತ್ತಿದ್ದೂ ಹೇಳಲಿಲ್ಲ, ತಪ್ಪು ಹುಡುಕುವುದಾದರೆ ನನ್ನಲ್ಲಿ ಹುಡುಕಿ ಅಂದಳು. ಉಚ್ಚಂಗಪ್ಪನಿಗೆ ಲೋಕಮ್ಮನ ಮುಖ ಮಾತ್ರ ಮಸುಕಾಗಿ ಕಾಣುತ್ತಿತ್ತು, ಅವಳ ಕೈ ಏನು ಮಾಡುತ್ತಿದೆ ಎಂದು ಕಾಣುತ್ತಿರಲಿಲ್ಲ. ಬೀಜ ಬುಟ್ಟಿಗೆ ಬೀಳುವ ಸದ್ದು ಮತ್ತೆ ಶುರುವಾದಾಗ ಅವಳು ಕೆಲಸ ಮುಂದುವರಿಸಿದ್ದಾಳೆ ಎಂದು ತಿಳಿಯಿತು.

"ಏಳು ವರ್ಷ ಕುಡುಕ ಕೊಂದ ಅಂತ ಹೇಳ್ಕೊಂಡು ಬಂದೆ," ಅಂದಳು ಲೋಕಮ್ಮ. "ಮಕ್ಕಳಿಗೂ ಹಂಗೇ ಹೇಳಿ ಬೆಳೆಸೀನಿ. ಈಗ ಕಾಯಿಲೆ ಅಂದ್ರೆ ನಾನು ಯಾರನ್ನ ಬೈಲಿ?"

ಅವಳು ಒಳಗೆ ಹೋಗಿ ಚಾಪೆ ತಂದು ಹಾಕಿದಳು. ಉಚ್ಚಂಗಪ್ಪ ಕಾಲಿನಿಂದ ತಡವಿ ಚಾಪೆಯ ಅಂಚು ಹುಡುಕುವುದನ್ನು ನೋಡಿದಳು. ನಿಜವಾಗಿಯೂ ಕಾಣುವುದಿಲ್ಲವಾ ಎಂದು ಕೇಳಿದಳು. ಎದೆಯಿಂದ ಕೆಳಗೆ ಕಾಣುವುದಿಲ್ಲ ಎಂದ. ಮುಖ ಕಾಣುತ್ತದಾ ಅಂದಳು. ಕಾಣುತ್ತದೆ ಎಂದ. ಆಗ ಅವಳು ಅವನ ಎದುರಿಗೆ ಬಂದು ಕೂತಳು.

"ಕೊನೇಗೆ ಅವರ ಮುಖ ನೋಡಿದ್ದು ನೀವೊಬ್ರೇ. ನಾನು ನೋಡೋವಾಗ ಬಟ್ಟೆ ಮುಚ್ಚಿದ್ರು, ತೆಗೀಬ್ಯಾಡ ಅಂದ್ರು. ಹೆಂಗಿತ್ತು?"

ಏಳು ವರ್ಷದಲ್ಲಿ ಉಚ್ಚಂಗಪ್ಪನನ್ನು ಪೊಲೀಸರು ಕೇಳಿದ್ದರು, ವಕೀಲರು ಕೇಳಿದ್ದರು. ಬಸ್ಸಿನ ವೇಗ, ಬ್ರೇಕು, ರಸ್ತೆಯ ಅಂಚು. ಇದನ್ನು ಯಾರೂ ಕೇಳಿರಲಿಲ್ಲ. ಅವನು ಕಣ್ಣು ಮುಚ್ಚಿಕೊಂಡು, ಕಂಡದ್ದನ್ನು ಕಂಡ ಹಾಗೆ ಹೇಳಿದ. ಅವರು ಹೆದರಿರಲಿಲ್ಲ. ಬಸ್ಸಿನ ಸದ್ದಿಗೆ ಹಿಂದೆ ತಿರುಗಿದ್ದರು, ಪರಿಚಯದ ಬಸ್ಸು, ಮುಂದೆ ಹೋಗು ಎನ್ನುವ ಹಾಗೆ ಒಂದು ಕೈ ಎತ್ತಿದ್ದರು. ಬಾಯಲ್ಲಿ ಏನೋ ಇತ್ತು, ಜಗಿಯುತ್ತಿದ್ದರು. ನಗು ಅಲ್ಲ, ಆದರೆ ಸಿಟ್ಟೂ ಇರಲಿಲ್ಲ. ಅಷ್ಟೇ.

"ಎಲೆ ಅಡಿಕೆ," ಅಂದಳು ಲೋಕಮ್ಮ. "ಊಟ ಆದ್ಮೇಲೆ ಹಾಕ್ಕೋತಿದ್ರು. ಹಂಗಾದ್ರೆ ಅವತ್ತು ಎಲ್ಲೋ ಊಟ ಮಾಡಿದ್ರು."

ಅವಳು ಅತ್ತಳು. ಇವರಿಬ್ಬರೂ ಕೂತೇ ಇದ್ದರು. ಸಂಜೆ ಬಸ್ಸಿನ ಹೊತ್ತಿಗೆ ಅವಳು ಕ್ರಾಸಿನವರೆಗೆ ಬರಲಿಲ್ಲ. ಕ್ಷಮಿಸಿದೆ ಎನ್ನುವಂಥ ಮಾತೂ ಅವಳ ಬಾಯಲ್ಲಿ ಬರಲಿಲ್ಲ. ದಾರಿಯಲ್ಲಿ ಕಲ್ಲಿದೆ, ಹಿಡಿದುಕೊಂಡು ಹೋಗಿ ಎಂದು ನಿರ್ಮಲಮ್ಮನಿಗೆ ಹೇಳಿ ಒಳಗೆ ಹೋದಳು.

ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಹೋದರು. ತಲೆಗೆ, ಎದೆಗೆ, ಮೂಗಿನ ಕೆಳಗೆ ವೈರು ಅಂಟಿಸಿ ಒಂದು ರಾತ್ರಿ ಮಲಗಿಸಿದರು. ಗಂಟೆಗೆ ಐವತ್ತೆರಡು ಸಲ ಉಸಿರು ನಿಂತಿದೆ ಎಂದು ಬೆಳಿಗ್ಗೆ ಹೇಳಿದರು. ನಿರ್ಮಲಮ್ಮ ತಲೆಯಾಡಿಸಿದಳು, ಅವಳಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ. ಇದಕ್ಕೆ, ಗಂಟಲು ಮುಚ್ಚದಂತೆ ರಾತ್ರಿಯಿಡೀ ಮೂಗಿಗೆ ಗಾಳಿ ಒತ್ತುವ ಯಂತ್ರವೊಂದಿತ್ತು. ಆಗ ಅದು ಪರದೇಶದಿಂದ ಬರಬೇಕಿತ್ತು. ಆದರೆ ಒಬ್ಬ ರೋಗಿಯ ಮನೆಯವರು ವಾಪಸು ತಂದುಕೊಟ್ಟ ಹಳೆಯದೊಂದು ಆಸ್ಪತ್ರೆಯಲ್ಲಿತ್ತು. ಅದನ್ನೇ ಇವರಿಗೆ ಕೊಟ್ಟರು. ಯಾಕೆ ವಾಪಸು ಬಂತು ಎಂದು ನಿರ್ಮಲಮ್ಮ ಕೇಳಲಿಲ್ಲ. ಅದರ ಮುಖವಾಡದ ಪಟ್ಟಿಯಲ್ಲಿ ಇನ್ನೊಬ್ಬರ ಬೆವರಿನ ಕಲೆ ಇತ್ತು. ಅವಳು ಅದನ್ನು ಸೀಗೆಪುಡಿ ಹಾಕಿ ಮೂರು ಸಲ ತೊಳೆದಳು, ಕಲೆ ಹೋಗಲಿಲ್ಲ.

ಮೊದಲ ಎರಡು ರಾತ್ರಿ ಅವನು ಮುಖದ ಮೇಲೆ ಯಾರದೋ ಕೈ ಇದೆ ಎಂದು ಮುಖವಾಡವನ್ನು ಕಿತ್ತೆಸೆದ. ಮೂರನೇ ರಾತ್ರಿ ನಿದ್ದೆ ಬಂತು. ನಿದ್ದೆಯ ಜೊತೆಗೆ ಕನಸು ಬಂತು. ಅವನಿಗೆ ಎಷ್ಟೋ ವರ್ಷದಿಂದ ಕನಸೇ ಬಿದ್ದಿರಲಿಲ್ಲ. ಈಗ ರಾತ್ರಿಯಿಡೀ, ಒಂದರ ಹಿಂದೊಂದು. ಕನಸಿನಲ್ಲಿ ಅವನ ಕಣ್ಣು ಪೂರ್ತಿ ಕಾಣುತ್ತಿತ್ತು. ಜಯಪ್ಪ ಬರುತ್ತಿದ್ದ. ಅವನಿಗೆ ನಡು ಇತ್ತು, ಮಂಡಿಯವರೆಗೆ ಮಡಚಿದ ಪಂಚೆ ಇತ್ತು, ಪೆಡಲು ತುಳಿಯುವ ಕಾಲು, ಹಿಮ್ಮಡಿ ಒಡೆದ ಪಾದ ಇದ್ದವು. ನೇರ ರಸ್ತೆಯಲ್ಲಿ ಬಸ್ಸಿನ ಮುಂದೆ ಮುಂದೆ ಹೋಗುತ್ತಲೇ ಇರುತ್ತಿದ್ದ. ಬಸ್ಸು ಎಷ್ಟು ಓಡಿದರೂ ಅವನನ್ನು ಮುಟ್ಟುತ್ತಿರಲಿಲ್ಲ. ಎದ್ದ ಮೇಲೆ ಉಚ್ಚಂಗಪ್ಪ ಯಂತ್ರದ ಸದ್ದು ಕೇಳುತ್ತಾ ಮಲಗಿರುತ್ತಿದ್ದ. ಬೇಡ ಎನ್ನಬೇಕೋ ಬರಲಿ ಎನ್ನಬೇಕೋ ತಿಳಿಯುತ್ತಿರಲಿಲ್ಲ. ಬಹಳ ದಿನ ನಿದ್ದೆ ಇಲ್ಲದ ಮಿದುಳು ಕನಸಿನ ಬಾಕಿ ತೀರಿಸಿಕೊಳ್ಳುತ್ತದೆ, ಕಡಿಮೆಯಾಗುತ್ತದೆ ಎಂದು ನರ್ಮದಾ ಹೇಳಿದರು. ಕಡಿಮೆಯಾಯಿತು. ಪೂರ್ತಿ ನಿಲ್ಲಲಿಲ್ಲ.

ಕಣ್ಣು ಹಾಗೇ ಉಳಿಯಿತು, ಅದಕ್ಕಿಂತ ಕೆಡಲಿಲ್ಲ. ಬೆಳಿಗ್ಗೆಯ ಕೆಂಪು ಹೋಯಿತು. ಹಗಲು ನಿದ್ದೆ ಹೋಯಿತು. ಟ್ಯೂಬನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ತೇಪೆ ಹಾಕಲು ಕಲಿತ. ಕರೆಂಟು ಹೋದ ರಾತ್ರಿ ಅಂಗಾತ ಮಲಗದಂತೆ ಬೆನ್ನಿಗೆ ಟವೆಲಿನ ಉಂಡೆ ಕಟ್ಟಿಕೊಂಡು ಪಕ್ಕಕ್ಕೆ ತಿರುಗಿ ಮಲಗುತ್ತಿದ್ದ.

ಶ್ರಾವಣದಲ್ಲಿ ನಿರ್ಮಲಮ್ಮನ ತಾಯಿಗೆ ಮೈ ಸರಿಯಿಲ್ಲ ಎಂದು ಉಳವಿಯಿಂದ ಹೇಳಿಕಳಿಸಿದರು. ಮದುವೆಯಾದ ಮೊದಲ ವರ್ಷ ಬಿಟ್ಟರೆ ಅವಳು ತವರಿಗೆ ಹೋದರೂ ಸಂಜೆಗೆ ವಾಪಸು ಬರುತ್ತಿದ್ದಳು. ಅವನು ಜೈಲಿನಲ್ಲಿದ್ದ ಆರು ತಿಂಗಳೂ ಶಿಕಾರಿಪುರದ ಮನೆ ಬಿಟ್ಟಿರಲಿಲ್ಲ. ಈಗ ಒಂದು ವಾರ ಇರಬೇಕಾಗಿತ್ತು. ಹೋಗು ಅಂದ ಉಚ್ಚಂಗಪ್ಪ. ಬೆಳಿಗ್ಗೆ ಏಳು ಗಂಟೆಗೆ ಎಸ್‌ಟಿಡಿ ಬೂತಿನಿಂದ ಉಳವಿಯ ತೋಟಪ್ಪನ ಕಿರಾಣಿ ಅಂಗಡಿಗೆ ಫೋನು ಮಾಡುತ್ತೇನೆ, ಎದ್ದಿದ್ದೇನೆ ಅಂತ ಹೇಳುತ್ತೇನೆ ಎಂದು ಒಪ್ಪಿಸಿದ. ಮೂರು ದಿನ ಏಳಕ್ಕೆ ಸರಿಯಾಗಿ ಫೋನು ಬಂತು. ನಿರ್ಮಲಮ್ಮ ಆ ಮೂರೂ ರಾತ್ರಿ ತಾಯಿಯ ಪಕ್ಕದಲ್ಲಿ ಎಚ್ಚರವಾಗಿಯೇ ಮಲಗಿದ್ದಳು.

ನಾಲ್ಕನೇ ದಿನ ಏಳಕ್ಕೆ ಬರಲಿಲ್ಲ. ರಾತ್ರಿ ಗಾಳಿಮಳೆಗೆ ಸುತ್ತಮುತ್ತ ಕರೆಂಟು ಹೋಗಿತ್ತು. ಏಳೂವರೆಯಾಯಿತು. ತೋಟಪ್ಪ ಲೈನೇ ಹೋಗಿರಬಹುದು ಕಣಮ್ಮ ಎಂದು ರಿಸೀವರು ಎತ್ತಿ ನೋಡಿದ. ಲೈನು ಇತ್ತು. ಎಂಟು ಗಂಟೆಯ ಸಾಗರದ ಬಸ್ಸು ಬಂದು ಹೋಯಿತು. ಅವಳು ಸಕ್ಕರೆ ಮೂಟೆಗೆ ಕೈ ಊರಿ ನಿಂತಿದ್ದಳು, ಕೂರು ಎಂದರೂ ಕೂರಲಿಲ್ಲ. ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಫೋನು ಹೊಡೆದುಕೊಂಡಿತು.

ಆ ಕಡೆಯಿಂದ ಅವನು ಸಂಕೋಚದಲ್ಲಿ ಹೇಳಿದ, ಏನೂ ಆಗಿಲ್ಲ ಕಣೆ, ಪಕ್ಕಕ್ಕೆ ತಿರುಗಿ ಮಲಗಿದ್ದೆ, ಎಚ್ಚರವೇ ಆಗಲಿಲ್ಲ, ಬಿಸಿಲು ಮುಖಕ್ಕೆ ಬಂದಮೇಲೆ ಎದ್ದೆ ಎಂದು. ಕನಸು ಬಿತ್ತಾ ಎಂದು ಅವಳು ಕೇಳಿದಳು. ಇಲ್ಲ, ಬರೀ ನಿದ್ದೆ ಎಂದ.

ನಿರ್ಮಲಮ್ಮ ರಿಸೀವರು ಇಟ್ಟಳು. ತೋಟಪ್ಪ ಏನೋ ಕೇಳಿದ, ಅವಳಿಗೆ ಅದು ಸರಿಯಾಗಿ ಕಿವಿಗೆ ಬೀಳಲಿಲ್ಲ. ಅಂಗಡಿಯ ಬೆಂಚಿನ ಮೇಲೆ ಒಂದು ನಿಮಿಷ ಕೂರುತ್ತೇನೆ ಎಂದು ಕೂತಳು. ಹಾಗೇ ಅಕ್ಕಿ ಮೂಟೆಗೆ ಒರಗಿ ನಿದ್ದೆ ಹೋದಳು. ಗಿರಾಕಿಗಳು ಬಂದು ಹೋಗುತ್ತಿದ್ದರು, ತಕ್ಕಡಿ ಸದ್ದು ಮಾಡುತ್ತಿತ್ತು. ತೋಟಪ್ಪ ಅವಳನ್ನು ಎಬ್ಬಿಸಬೇಡಿ ಎಂದು ಎಲ್ಲರಿಗೂ ಕೈಸನ್ನೆ ಮಾಡಿದ. ಮಧ್ಯಾಹ್ನ ಊಟಕ್ಕೆ ಅಂಗಡಿ ಬಾಗಿಲು ಹಾಕುವ ಹೊತ್ತಾದರೂ ಅವಳು ಏಳಲಿಲ್ಲ. ತೋಟಪ್ಪ ಬಾಗಿಲು ಹಾಕದೆ ಊಟವನ್ನು ಅಲ್ಲಿಗೇ ತರಿಸಿಕೊಂಡ.